ಕಂಬ ಎಣಿಸುವ ರುದ್ರಪ್ಪನವರು

ಸಿಟ್ಟು ಬಂದರೆ ರುದ್ರಪ್ಪನವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಯಾರಿಗೂ ಎಸೆಯುವುದಕ್ಕಲ್ಲ. ಎರಡನ್ನೂ ಜೋಡಿಸಿ ಗೋಡೆಯ ಬದಿಗಿಟ್ಟು, ಬರಿಗಾಲಲ್ಲಿ ನೆಟ್ಟಗೆ ನಿಂತು, ಆಮೇಲೆ ಬಾಯಿ ತೆರೆಯುತ್ತಿದ್ದರು. ಟೆಲಿಫೋನ್ ಲೈನ್‌ಮನ್ ಆಗಿದ್ದ ಕಾಲದಲ್ಲಿ ಕಂಬ ಹತ್ತುವ ಮುಂಚೆ ಹಾಗೆ ಬಿಡುತ್ತಿದ್ದರಂತೆ. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕಾಲಿಗೆ ಅದು ಗೊತ್ತಾಗಿರಲಿಲ್ಲ. ಶಿಕಾರಿಪುರದ ನಮ್ಮ ಆಸ್ಪತ್ರೆಯಲ್ಲಿ ‘ರುದ್ರಪ್ಪನವರು ಚಪ್ಪಲಿ ಬಿಟ್ಟರಂತೆ’ ಎಂಬ ಸುದ್ದಿ ಕಾರಿಡಾರಿನ ಈ ತುದಿಯಲ್ಲಿ ಹುಟ್ಟಿದರೆ ಆ ತುದಿಯ ಎಕ್ಸ್‌ರೇ ಕೋಣೆಯಲ್ಲಿ ತಕ್ಷಣ ಜನ ಹೆಚ್ಚಾಗುತ್ತಿದ್ದರು. ಅಲ್ಲಿ ಅನ್ಯರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿತ್ತು. ಹಾಗೆ ಓಡುವವರಲ್ಲಿ ಮೊದಲಿಗ ನಾನು, ಆಸ್ಪತ್ರೆಯ ಮ್ಯಾನೇಜರ್.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋದವನು ನಾನು. ಆಫ್ ಆಗಿದ್ದನ್ನು ನೋಡಿ, ನೋಡುವ ಭರದಲ್ಲಿ ಆನ್ ಮಾಡಿಬಿಟ್ಟೆನೇನೋ ಎಂದು ಎರಡನೇ ಸಲ ವಾಪಸ್ ಹೋದವನೂ ನಾನೇ. ಇಂಥವನ ಕೈಗೆ ಇಡೀ ಆಸ್ಪತ್ರೆಯ ಇ-ಮೇಲಿನ ಪಾಸ್‌ವರ್ಡ್ ಸಿಕ್ಕರೆ ಏನಾಗಬಹುದೋ ಅದೇ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಆಸ್ಪತ್ರೆಗೆ ಸ್ವಂತ ಹೆಸರಿನ ಇ-ಮೇಲ್ ಬೇಕೆಂದು ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಒಮ್ಮೆ ಆಸೆಯಾಗಿತ್ತು. ಹಳೆಯ ಕಡತಗಳ ಕೋಣೆಯಲ್ಲಿ ಅದಕ್ಕೆಂದೇ ಒಂದು ಮೆಷಿನ್ ತಂದು ಕೂರಿಸಿದರು. ಹೊರಗಿನ ಮೇಲ್‌ಗಳೆಲ್ಲ ಮೊದಲು ಅದಕ್ಕೆ ಬಂದು, ಅದರಿಂದ ನಮ್ಮ ಮೇಜುಗಳಿಗೆ ಹಂಚಿಕೆಯಾಗಬೇಕು. ಅದನ್ನು ನೋಡಿಕೊಳ್ಳಲು ಸಿಕ್ಕವರು ರುದ್ರಪ್ಪನವರು. ಊರು ಸೊರಬ ತಾಲ್ಲೂಕಿನ ಜಡೆ. ಟೆಲಿಫೋನ್ ಕೆಲಸದಿಂದ ಬೇಗ ನಿವೃತ್ತಿ ಪಡೆದು, ಯಾರ ಹತ್ತಿರವೂ ಹೋಗದೆ ಕಂಪ್ಯೂಟರ್ ಜಾಲದ ಕೆಲಸ ಕಲಿತು, ಸೊರಬದ ಕೆಲವು ಅಂಗಡಿ, ಸಂಘಗಳಲ್ಲಿ ಅದನ್ನೇ ಮಾಡಿಕೊಂಡಿದ್ದರು. ನಮ್ಮಲ್ಲಿಗೆ ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಒಂದು ಕೆಂಪು ಪೆನ್ನು. ನೀಲಿ ಪೆನ್ನು ಅವರ ಹತ್ತಿರ ನಾನು ನೋಡಿದ್ದೇ ಇಲ್ಲ.

ಅವರೆದುರು ‘ಮೇಲ್ ಬಂದಿಲ್ಲ’ ಎನ್ನುವಂತಿರಲಿಲ್ಲ.

“ಬಂದಿಲ್ಲ ಅಂದ್ರೆ ಎಂತ ಮ್ಯಾನೇಜರ್ರೆ? ಅಲ್ಲಿಂದ ಹೊರಟೇ ಇಲ್ವೋ, ದಾರೀಲಿ ಐತೋ, ಬಂದು ನಮ್ಮ ಬಾಗಿಲಾಗೆ ನಿಂತೈತೋ? ಮೂರೂ ಬೇರೆ ಬೇರೆ. ನೀವು ಮೂರಕ್ಕೂ ಒಂದೇ ಅಳು ಅಳ್ತೀರಿ.”

ಪ್ರತಿ ಇ-ಮೇಲ್ ಜೊತೆಗೂ ನಮ್ಮ ಕಣ್ಣಿಗೆ ಬೀಳದ ಒಂದಷ್ಟು ಸಾಲುಗಳು ಬರುತ್ತವೆ ಎಂದು ನನಗೆ ತೋರಿಸಿಕೊಟ್ಟವರು ಅವರು. ಮೇಲ್ ಯಾವ ಯಾವ ಮೆಷಿನ್ ಹಾದು ಬರುತ್ತದೋ ಆ ಒಂದೊಂದೂ ತನ್ನ ಹೆಸರನ್ನೂ ಗಂಟೆ, ನಿಮಿಷ, ಸೆಕೆಂಡನ್ನೂ ಅದರಲ್ಲಿ ಬರೆದು ಮುಂದಕ್ಕೆ ದಾಟಿಸುತ್ತದೆ. ಹೊಸದಾಗಿ ಬರೆಯುವ ಮೆಷಿನ್ ಮೇಲಿನ ಸಾಲಿನಲ್ಲಿ ಬರೆಯುವುದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ರುದ್ರಪ್ಪನವರು ಅದನ್ನು ಪರದೆಯ ಮೇಲೆ ಓದುತ್ತಿರಲಿಲ್ಲ. ಕಾಗದಕ್ಕೆ ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಪ್ರತಿ ಮೆಷಿನ್ನಿಗೂ ಒಂದು ಸುತ್ತು ಹಾಕಿ, ಸುತ್ತಿನಿಂದ ಸುತ್ತಿಗೆ ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಕಂಬ ಎಣಿಸುವುದು. ಲೈನ್ ಕೆಟ್ಟರೆ ಜಡೆಯಿಂದ ಸೊರಬದವರೆಗೂ ಕಂಬ ಎಣಿಸಿಕೊಂಡು ನಡೆದ ಮನುಷ್ಯ. “ಸುಮ್ನೆ ಕೂತು ಯೋಚ್ನೆ ಮಾಡಿದ್ರೆ ಎಲ್ಲಾ ಕಂಬದ ಮೇಲೂ ಅನುಮಾನ ಬರ್ತೈತೆ. ನಡೆದು ನೋಡಿದ್ರೆ ಕೆಟ್ಟಿರೋದು ಒಂದೇ ಕಂಬ” ಎನ್ನುತ್ತಿದ್ದರು. ಇದನ್ನು ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದರು.

ಮೊದಲ ವರ್ಷದ ಮಾತು. ಶಿವಮೊಗ್ಗದ ವೈದ್ಯರೊಬ್ಬರು ಒಂದು ಚೀಟಿಯನ್ನು ಮೇಲ್ ಮಾಡಿ, ಕಳಿಸಿದ್ದೇನೆ ಎಂದು ಫೋನ್ ಕೂಡ ಮಾಡಿದರು. ಐದು ನಿಮಿಷ ನೋಡಿದೆ, ಬರಲಿಲ್ಲ. ರುದ್ರಪ್ಪನವರಿಗೆ ಫೋನ್ ಮಾಡಿದೆ. ಮತ್ತೆ ಎರಡು ನಿಮಿಷಕ್ಕೆ ಮಾಡಿದೆ. ಆರನೆಯ ಸಲ ಮಾಡಿದಾಗ ಅವರೇ ಕಡತದ ಕೋಣೆಯಿಂದ ನಡೆದು ಬಂದು ನನ್ನ ಮೇಜಿನ ಮುಂದೆ ಚಪ್ಪಲಿ ಬಿಟ್ಟರು. ಒಂದೇ ಕಟ್ಟಡದಲ್ಲಿ ಕೂತು ಆರು ಸಲ ಫೋನ್ ಮಾಡಿದ್ದೆ.

“ನಿಮ್ಮ ಅಜ್ಜನ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ರೋ ಇಲ್ವೋ?”

ಬರೆದಿದ್ದರು ಎಂದೆ.

“ನಾನೂ ಅದನ್ನೇ ಬರೆದೀನಿ ನಮ್ಮ ಮೆಷಿನ್ ಮೇಲೆ. ಮೊದಲ ಸಲ ಬರೋ ಅಪರಿಚಿತರಿಗೆಲ್ಲ, ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತೈತೆ. ಲಾಟರಿ ಹೊಡೆದೈತೆ ಅಂತ ಲಕ್ಷ ಜನಕ್ಕೆ ಕಳಿಸೋ ಕಳ್ಳ ಇದಾನಲ್ಲ, ಅವ್ನಿಗೆ ಪುರುಸೊತ್ತಿಲ್ಲ, ತಿರುಗಿ ಬರಲ್ಲ. ಖರೇ ಕೆಲಸ ಇದ್ದವ್ರು ಕಾಲು ಗಂಟೆ ಬಿಟ್ಟು ಮತ್ತೆ ಬರ್ತಾರೆ. ಆವಾಗ ಒಳಗೆ ಬಿಡ್ತೀವಿ, ಆಮೇಲೆ ಅವರಿಗೆ ತಡೆ ಇಲ್ಲ. ಡಾಕ್ಟರ್ರ ಮೆಷಿನ್ನಿಗೆ ಕಾಲು ಗಂಟೆ ತಾಳ್ಮೆ ಐತೆ. ನಿಮಗಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಮೇಲ್ ಬಂದಿತ್ತು. ಅವರು ಅದನ್ನು ನೋಡಲೂ ಇಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಇನ್ನು ನನ್ನ ಘನಕಾರ್ಯ. ಬೇಡದ ಮೇಲ್‌ಗಳನ್ನು ಹಿಡಿಯಲು ಮೆಷಿನ್ನಿನಲ್ಲಿ ಒಂದು ಜರಡಿ ಇತ್ತು. ಬಂದ ಪ್ರತಿ ಮೇಲನ್ನೂ ಅದು ಮೂಸಿ ನೋಡಿ ಅನುಮಾನದ ಅಂಕ ಕೊಡುತ್ತದೆ. ಆರಕ್ಕಿಂತ ಹೆಚ್ಚು ಅಂಕ ಬಂದರೆ ಆ ಮೇಲ್ ನಮ್ಮ ಮೇಜಿಗೆ ಬರದೆ ತಡೆಪೆಟ್ಟಿಗೆಗೆ ಬೀಳುತ್ತದೆ. ಆರು ಎಂಬುದು ರುದ್ರಪ್ಪನವರು ತಿಂಗಳುಗಟ್ಟಲೆ ನೋಡಿ ನಿಲ್ಲಿಸಿದ ಗೆರೆ. ದಿನದ ಕೊನೆಗೆ, ತಡೆಪೆಟ್ಟಿಗೆಯಲ್ಲಿ ಏನೇನು ಬಿದ್ದಿದೆ ಎಂಬ ಪಟ್ಟಿ ನನಗೆ ಮೇಲ್ ಆಗಿ ಬರುವಂತೆಯೂ ಮಾಡಿದ್ದರು. ಅವರು ಇಲ್ಲದ ದಿನ ಬೇಕಾದೀತು ಎಂದು ಪಾಸ್‌ವರ್ಡ್ ನನಗೂ ಕೊಟ್ಟಿದ್ದರು.

ಒಂದು ದಿನ ನನಗೊಂದು ಮೇಲ್ ಬಂತು. ನಿಮ್ಮ ಖಾತೆ ಇಂದು ಸಂಜೆಗೆ ಮುಚ್ಚಲಿದೆ, ಇಲ್ಲಿ ಒತ್ತಿ. ನಾನು ಒತ್ತಲಿಲ್ಲ. ಆದರೆ ಒತ್ತಲು ಬೆರಳು ಹೋಗಿತ್ತು. ಆ ಬೆರಳನ್ನು ನೆನೆದು ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಪಾಸ್‌ವರ್ಡ್ ಹಾಕಿ ಒಳಹೊಕ್ಕು ಆ ಆರನ್ನು ಅಳಿಸಿ ಎರಡು ಮಾಡಿದೆ. ಎರಡು ಎಂದರೆ ಭದ್ರ ಎನಿಸಿತು. ಒಂದು ಮಾಡೋಣವೆಂದಿದ್ದೆ, ಅತಿಯಾದೀತು ಎಂದು ಬಿಟ್ಟೆ. ನನ್ನ ವಿವೇಕ ಅಷ್ಟಿತ್ತು. ರುದ್ರಪ್ಪನವರಿಗೆ ಹೇಳಲಿಲ್ಲ. ಹೇಳಿದರೆ ಚಪ್ಪಲಿ ಬಿಡುತ್ತಿದ್ದರು. ಮರುದಿನದಿಂದ ಹಾಳು ಮೇಲ್ ಒಂದೂ ಇಲ್ಲ. ತಡೆಪೆಟ್ಟಿಗೆಯ ಪಟ್ಟಿಯೂ ಬರುವುದು ನಿಂತಿತು. ಹಿಡಿಯಲು ಏನೂ ಉಳಿದಿಲ್ಲವೆಂದು ತಿಳಿದೆ.

ಅದೇ ವಾರ ಬಂದಳಿಕೆ ಕಡೆಯ ಗಂಗಮ್ಮ ಎಂಬ ಹೆಂಗಸಿನ ಕುತ್ತಿಗೆಯ ಗಂಟಿನಿಂದ ನಮ್ಮ ಡಾಕ್ಟರು ಒಂದು ಚೂರು ತೆಗೆದು ದಾವಣಗೆರೆಯ ಲ್ಯಾಬಿಗೆ ಕಳಿಸಿದ್ದರು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಅವರು ಹೇಳಬೇಕು. ಫೋನಿನಲ್ಲಿ ಹೇಳುವುದಿಲ್ಲ, ಬೀಗ ಹಾಕಿದ ಫೈಲನ್ನು ಆಸ್ಪತ್ರೆಯ ಮೇಲಿಗೆ ಮಾತ್ರ ಕಳಿಸುತ್ತೇವೆ ಎಂಬುದು ಲ್ಯಾಬಿನ ನಿಯಮ. ನಾಲ್ಕು ದಿನದಲ್ಲಿ ಬರುತ್ತದೆ ಎಂದು ಗಂಗಮ್ಮನಿಗೆ ನಾನೇ ಹೇಳಿದ್ದೆ. ಐದನೆಯ ದಿನದಿಂದ ಆಕೆ ದಿನಾ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡತೊಡಗಿದಳು.

“ಬಂತೇನ್ರಿ ಸಾಹೇಬ್ರ?”

“ಇನ್ನೂ ಇಲ್ಲಮ್ಮ.”

“ಆತು ಬಿಡ್ರಿ.”

ಇಷ್ಟೇ. ಹನ್ನೊಂದು ದಿನ ಹೀಗೇ. ನಾನು ಲ್ಯಾಬಿಗೂ ಫೋನ್ ಮಾಡಿದೆ. ಕಳಿಸಿ ಆಯ್ತು ಅಂದರು. ಮತ್ತೆ ಕಳಿಸಿ ಅಂದೆ, ಕಳಿಸಿದೆವು ಅಂದರು. ಸುಳ್ಳು ಹೇಳುತ್ತಿದ್ದಾರೆ ಎಂದು ಕಾರ್ಯದರ್ಶಿಗಳಿಗೆ ವರದಿ ಮಾಡಿದೆ. ರುದ್ರಪ್ಪನವರು ಗದ್ದೆ ನಾಟಿಗೆಂದು ಎರಡು ವಾರ ರಜೆಯಲ್ಲಿದ್ದರು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಕಾಲು ಗಂಟೆಯ ತಡಕ್ಕೆ ಆರು ಫೋನ್ ಮಾಡಿದ ಮನುಷ್ಯ, ಅಷ್ಟು ದಿನದ ತಡಕ್ಕೆ ಒಂದು ಫೋನ್ ಮಾಡಲಿಲ್ಲ. ಆರನ್ನು ಎರಡು ಮಾಡಿದ ನೆನಪು ತಲೆಯ ಯಾವುದೋ ಮೂಲೆಯಲ್ಲಿ ಇತ್ತು, ಅದಕ್ಕೇ ಮಾಡಲಿಲ್ಲ.

ರಜೆ ಮುಗಿಸಿ ಬಂದ ಮಂಗಳವಾರ ರುದ್ರಪ್ಪನವರು ಹತ್ತು ನಿಮಿಷದಲ್ಲಿ ವರದಿಯನ್ನು ಹುಡುಕಿ ತೆಗೆದರು. ಬೀಗ ಹಾಕಿದ ಫೈಲಿನ ಒಳಗೆ ಜರಡಿ ಇಣುಕಲಾಗದ್ದಕ್ಕೆ ಸ್ವಲ್ಪ ಅಂಕ, ಲ್ಯಾಬಿನವರು ಆ ತಿಂಗಳು ಮೆಷಿನ್ ಬದಲಿಸಿ, ತಮ್ಮ ಹೆಸರಲ್ಲಿ ಮೇಲ್ ಕಳಿಸುವ ಮೆಷಿನ್ ಇದು ಎಂಬ ದಾಖಲೆ ಸರಿಪಡಿಸದೆ ಇದ್ದದ್ದಕ್ಕೆ ಸ್ವಲ್ಪ ಅಂಕ, ಒಟ್ಟು ಮೂರು ಚಿಲ್ಲರೆ. ಆರರ ಗೆರೆಯಿದ್ದರೆ ಸರಾಗ ಒಳಗೆ ಬರುತ್ತಿತ್ತು. ಎರಡೂ ಸಲ ಕಳಿಸಿದ್ದೂ ತಡೆಪೆಟ್ಟಿಗೆಯಲ್ಲಿ ಕೂತಿತ್ತು. ಅದರ ಪಕ್ಕದಲ್ಲೇ ದಿನಾ ನನಗೆ ಬರಬೇಕಾಗಿದ್ದ ಪಟ್ಟಿಗಳೂ ಸಾಲಾಗಿ ಕೂತಿದ್ದವು. ಆ ಪಟ್ಟಿಯಲ್ಲಿ ಲಾಟರಿ, ಸಾಲ, ಗುಪ್ತರೋಗ ಎಂಬ ಹೆಸರುಗಳೇ ತುಂಬಿದ್ದರಿಂದ ಜರಡಿ ಅದನ್ನೂ ಹಿಡಿದಿತ್ತು. ಕಳ್ಳರ ಪಟ್ಟಿ ತಂದ ಪೊಲೀಸನನ್ನೇ ನಾನು ಲಾಕಪ್ಪಿಗೆ ಹಾಕಿಸಿದ್ದೆ.

ಡಾಕ್ಟರು ಬೀಗ ತೆಗೆದು ವರದಿ ಓದಿದರು. ಕ್ಯಾನ್ಸರ್ ಅಲ್ಲ. ಅಲ್ಲಿಂದಲೇ ಸ್ಪೀಕರ್ ಹಾಕಿ ಗಂಗಮ್ಮನಿಗೆ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ಆಕೆ ಅಂದಳು: “ಎಮ್ಮಿ ಕೊಟ್ಟುಬಿಟ್ನೆಲ್ರೀ ಡಾಕ್ಟ್ರ.”

ಎರಡು ಎಮ್ಮೆ. ಬೇರೆ ಯಾರು ಹಿಂಡಲು ಹೋದರೂ ಒದೆಯುತ್ತಿದ್ದವಂತೆ. ತಾನು ಹೋದ ಮೇಲೆ ಸೊಸೆಯ ಕೈಗೆ ಬಂದು ಸೊರಗುವುದು ಬೇಡವೆಂದು ಎರಡು ದಿನದ ಹಿಂದೆ ಯಾರಿಗೋ ಮಾರಿಬಿಟ್ಟಿದ್ದಳು. ಹಗ್ಗ ಸಮೇತ.

ರುದ್ರಪ್ಪನವರು ಚಪ್ಪಲಿ ಬಿಟ್ಟರು. ಡಾಕ್ಟರ ಕೋಣೆಯಲ್ಲಿ ಅವರು ಹಾಗೆ ಬಿಟ್ಟದ್ದು ಅದೇ ಮೊದಲು.

“ಆರಿದ್ದಿದ್ದು ಎರಡು ಮಾಡಿದವ್ರು ಯಾರು?”

ನಾನು ಎಂದೆ. ಅದೊಂದನ್ನಾದರೂ ಹೇಳಿದೆ.

“ಹೆದ್ರಿಕೆ ನಿಮ್ದು. ಅದನ್ನ ಹನ್ನೊಂದು ದಿನ ಹೊತ್ತಿದ್ದು ಯಾರು? ನೀವು ಹೆದ್ರೋದಾದ್ರೆ ನಿಮ್ಮನೇಲಿ ಕೂತು ಹೆದ್ರಿಕಳಿ. ಆಸ್ಪತ್ರೆ ಬಾಗಿಲು ಮುಚ್ಚಿ ಹೆದ್ರಬ್ಯಾಡಿ.”

ಬೈದದ್ದು ಇನ್ನೂ ಇದೆ. ಬರೆಯುವಂಥದ್ದಲ್ಲ. ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಗಂಗಮ್ಮನ ತಮ್ಮ ಆ ವಾರವೇ ಟ್ರಸ್ಟಿಗೆ ದೂರು ಬರೆದ. ವರದಿ ತಡವಾದದ್ದು ಯಾರಿಂದ, ಬರವಣಿಗೆಯಲ್ಲಿ ತಿಳಿಸಿ ಎಂದು. ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಉತ್ತರ ಟೈಪಾಗಿ ಸಿದ್ಧವಿತ್ತು: ‘ಸದರಿ ವರದಿಯು ಪ್ರಯೋಗಾಲಯದಿಂದ ವಿಳಂಬವಾಗಿ ಸ್ವೀಕೃತವಾಗಿರುತ್ತದೆ.’ ಕೆಳಗೆ ಎರಡು ಸಹಿಗೆ ಜಾಗ. ನನ್ನದು, ರುದ್ರಪ್ಪನವರದು.

“ವರದಿ ಒಳ್ಳೇದೇ ಬಂತಲ್ಲ ರುದ್ರಪ್ಪನವರೆ. ಯಾರಿಗೆ ಏನು ನಷ್ಟ ಆಯ್ತು ಈಗ?” ಎಂದರು ಕಾರ್ಯದರ್ಶಿಗಳು. ಅವರ ದನಿ ಯಾವಾಗಲೂ ಮೆತ್ತಗೆ.

ರುದ್ರಪ್ಪನವರು ಜೇಬಿನಿಂದ ಕೆಂಪು ಸುತ್ತುಗಳ ಹಾಳೆ ತೆಗೆದು ಆ ಟೈಪಾದ ಉತ್ತರದ ಮೇಲೆ ಹರಡಿದರು. “ನೋಡಿ ಸಾರ್. ದಾವಣಗೆರೆಯಿಂದ ನಮ್ಮನೆ ಬಾಗಿಲಿಗೆ ಹದಿನಾರು ಸೆಕೆಂಡು. ನಮ್ಮ ಬಾಗಿಲಿಂದ ಡಾಕ್ಟರ್ರ ಮೇಜಿಗೆ ಹನ್ನೊಂದು ದಿನ. ಕೆಟ್ಟಿರೋ ಕಂಬ ನಮ್ದು. ಬ್ಯಾರೆಯವ್ರ ಕಂಬದ ಮೇಲೆ ನಾ ಸಹಿ ಮಾಡಲ್ಲ.”

“ಹಾಗಾದರೆ ನಿಮ್ಮ ನಿರ್ವಹಣೆಯ ಲೋಪ ಅಂತ ಬರೆಯಬೇಕಾಗುತ್ತೆ.”

ಆಗ ನಾನು ಬಾಯಿ ತೆರೆಯಬೇಕಿತ್ತು. ‘ಲೋಪ ನನ್ನದು’ ಎನ್ನಲು ಎರಡು ಪದ ಸಾಕಿತ್ತು. ರುದ್ರಪ್ಪನವರು ನನ್ನ ಕಡೆ ನೋಡಿದರು, ಬಹಳ ಹೊತ್ತೇನೂ ಅಲ್ಲ. ನಾನು ನನ್ನ ಪಿ.ಎಫ್., ಮಗಳ ಪರೀಕ್ಷೆ, ನನ್ನ ಬಿ.ಪಿ. ಎಲ್ಲವನ್ನೂ ಅಷ್ಟು ಹೊತ್ತಿನಲ್ಲಿ ಚಿಂತಿಸಿ ಮುಗಿಸಿ ಪೆನ್ನು ತೆಗೆದು, ಹಾಳೆಯ ಕೆಳಗಿದ್ದ ಆ ಟೈಪಾದ ಉತ್ತರಕ್ಕೆ ಸಹಿ ಮಾಡಿದೆ. ಅವರು ತಮ್ಮ ಹಾಳೆ ಮಡಚಿಕೊಂಡು ಎದ್ದರು. ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಾರೇನೋ ಎಂದು ಕಾದೆ. ಬಿಡಲಿಲ್ಲ. ಕೆಲಸ ಬಿಟ್ಟರು.

ನಿಜ ಹೇಳಬೇಕೆಂದರೆ ಇದನ್ನು ಬರೆಯುವಾಗ ನನಗೆ ಕಾರ್ಯದರ್ಶಿಗಳ ಮೇಲೆ ಬರುವ ಸಿಟ್ಟು ಅಷ್ಟು ದೊಡ್ಡದಲ್ಲ. ಅವರು ಹಾಗೆಯೇ, ನಾಳೆಯೂ ಹಾಗೆಯೇ, ಆ ಮೆತ್ತನೆಯ ದನಿಯಲ್ಲೇ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ನನ್ನ ಪೆನ್ನು ಅವತ್ತು ಎಷ್ಟು ಬೇಗ ಜೇಬಿನಿಂದ ಈಚೆ ಬಂತು ಎಂಬುದರ ಮೇಲೆ ಬರುವ ಸಿಟ್ಟೇ ದೊಡ್ಡದು. ಮೇಲ್ ನೋಡಿಕೊಳ್ಳಲು ಹೊರಗಿನ ಕಂಪನಿಯೊಂದು ಬಂತು. ಏನಾದರೂ ಕೆಟ್ಟರೆ ಒಂದು ನಂಬರ್ ಒತ್ತಬೇಕು, ಹಾಡು ಕೇಳಬೇಕು. ಯಾರೂ ಬೈಯುವುದಿಲ್ಲ. ಬೈಯದೆ ಇರುವುದು ಎಷ್ಟು ಅವಮಾನ ಎಂದು ಆಗ ತಿಳಿಯಿತು.

ಎಂಟು ತಿಂಗಳ ಮೇಲೆ ರುದ್ರಪ್ಪನವರಿಗೆ ಒಂದು ಮೇಲ್ ಬರೆದೆ. ಎದುರು ಹೋಗಲು ಧೈರ್ಯ ಸಾಲಲಿಲ್ಲ. ತಪ್ಪಾಯಿತು, ಕ್ಷಮಿಸಿ ಎಂದು ನಾಲ್ಕು ಸಾಲು. ನಾಲ್ಕು ಸಾಲಿಗೆ ಒಂದು ವಾರ. ಕಳಿಸಿದ ಮೇಲೆ ಅದು ಅವರ ಜರಡಿಯಲ್ಲಿ ಸಿಕ್ಕಿಬಿದ್ದಿತೇನೋ ಎಂಬ ಚಿಂತೆ. ಸಿಕ್ಕಿಬಿದ್ದರೆ ಒಳ್ಳೆಯದು ಎಂಬ ಆಸೆಯೂ. ಎರಡನೆಯ ದಿನ ಉತ್ತರ ಬಂತು: ‘ಗುರುವಾರ ಹನ್ನೊಂದು ಗಂಟೆ. ಸೊರಬ ಬಸ್ ಸ್ಟ್ಯಾಂಡ್.’

ನಾನು ಒಂಬತ್ತೂವರೆಗೇ ಹೋಗಿ ಕೂತಿದ್ದೆ. ಅವರು ಹನ್ನೊಂದಕ್ಕೆ ಬಂದರು. ಅದೇ ಬಿಳಿ ಅಂಗಿ, ಅದೇ ಪೆನ್ನು, ಗಡ್ಡ ಮಾತ್ರ ಪೂರಾ ಬೆಳ್ಳಗಾಗಿತ್ತು. ನಾನು ಎದ್ದು, ವಾರವಿಡೀ ಬಾಯಿಪಾಠ ಮಾಡಿದ್ದನ್ನು ಹೇಳಲು ಶುರು ಮಾಡಿದೆ. ಅವರ ಕಾಲಿನ ಕಡೆಯೇ ನನ್ನ ಕಣ್ಣು. ಚಪ್ಪಲಿ ಕಾಲಲ್ಲೇ ಇತ್ತು.

“ನಂದೇನು ಹೋತು ಮ್ಯಾನೇಜರ್ರೆ? ಸೊರಬದಾಗೆ ನಂಗೆ ಬೇಕಾದಷ್ಟು ಕೆಲಸ ಐತೆ. ನಂಗ್ಯಾಕೆ ಬರೆದ್ರಿ?”

“ತಪ್ಪು ನನ್ನದು ಅಂತ...”

“ಅದು ನಂಗೆ ಗೊತ್ತಿಲ್ವಾ? ಗೊತ್ತಿರೋರಿಗೇ ಹೇಳೋಕೆ ಎಂಟು ತಿಂಗಳು ಬೇಕಾತಾ?” ಜೇಬಿನಿಂದ ಮಡಚಿದ ಹಾಳೆ ತೆಗೆದು ನನ್ನ ಕೈಯಲ್ಲಿ ಇಟ್ಟರು. “ಎಮ್ಮೆ ಹೋಗಿದ್ದು ಯಾರದ್ದು? ಆಯಮ್ಮನ ಹತ್ರ ಇನ್ನೂ ನಿಮ್ಮ ಸಹಿ ಮಾಡಿದ ಸುಳ್ಳು ಕಾಗದ ಐತೆ. ಆಯಮ್ಮಂಗೆ ಮೇಲ್ ಇಲ್ಲ. ಬಸ್ ಐತೆ.”

ಜಡೆಯ ಬಸ್ಸು ಹೊರಟು ನಿಂತಿತ್ತು. ಹತ್ತಿ ಹೋದರು. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಆಮೇಲೆ ನಾನು ಅವರನ್ನು ನೋಡಿಲ್ಲ.

ಶಿಕಾರಿಪುರದ ಬಸ್ಸಿನಲ್ಲಿ ಕೂತು ಹಾಳೆ ಬಿಡಿಸಿದೆ. ನನ್ನ ಕ್ಷಮಾಪಣೆಯ ಪ್ರಿಂಟು. ನಾಲ್ಕು ಸಾಲಿನ ಕಡೆ ಪೆನ್ನು ಹೋಗಿಯೇ ಇರಲಿಲ್ಲ. ದಾರಿಯ ಸಾಲುಗಳಿಗೆ ಮಾತ್ರ ಕೆಂಪು ಸುತ್ತು. ಅವರು ಕಲಿಸಿದಂತೆ ಕೆಳಗಿನಿಂದ ಮೇಲಕ್ಕೆ ಓದಿದೆ. ಮೊದಲ ಕಂಬ, ಎರಡು ಸೆಕೆಂಡು. ಎರಡನೆಯದು, ಐದು. ಮೂರನೆಯದು, ಒಂದು. ಎಲ್ಲೂ ನಿಂತಿಲ್ಲ, ಯಾವ ಜರಡಿಯೂ ಹಿಡಿದಿಲ್ಲ. ಹಾಳೆಯ ನೆತ್ತಿಯಲ್ಲಿ ಅವರ ದುಂಡನೆಯ ಅಕ್ಷರ: ‘ದಾರಿಯಲ್ಲಿ ತಡ ಇಲ್ಲ. ತಡ ಕಳಿಸಿದವರದು.’

ಶಿರಾಳಕೊಪ್ಪದಲ್ಲಿ ಎದ್ದು ನಿಂತೆ. “ಶಿಕಾರಿಪುರಕ್ಕೆ ಟಿಕೆಟ್ ತಗಂಡೀರಲ್ರೀ” ಎಂದ ಕಂಡಕ್ಟರ್. ಇಳಿದು ಬಂದಳಿಕೆ ಕಡೆಯ ಬಸ್ಸು ಕೇಳಿದೆ.

ಗಂಗಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನನ್ನ ಗುರುತು ದನಿಯಿಂದ ಹತ್ತಿತು. ಹಿಂದೆ ಮಾತಾಡಿದ್ದೆಲ್ಲ ಹೆಚ್ಚು ಕಮ್ಮಿ ಫೋನಿನಲ್ಲೇ. ಕೂರಿ ಎನ್ನಲಿಲ್ಲ. ನಿಂತೇ ಹೇಳಿದೆ: ವರದಿ ನಾಲ್ಕನೆಯ ದಿನವೇ ಬಂದಿತ್ತು, ಅಡ್ಡ ಹಾಕಿದವನು ನಾನು, ಕಾಗದದಲ್ಲಿ ಬರೆದದ್ದು ಸುಳ್ಳು. ಹೇಳುವಾಗ ನನ್ನ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು. ಎರಡು ಗೂಟ, ಬರಿದು.

“ಗೊತ್ತೈತ್ರಿ” ಎಂದಳು. “ಜಡೆ ಅಣ್ಣಾರು ಆವಾಗ್ಲೇ ಬಂದು ಹೇಳಿ ಹೋಗ್ಯಾರ. ಆಸ್ಪತ್ರಿಯಿಂದ ಒಬ್ರು ಬರ್ತಾರ, ತಡ ಆಗ್ತೈತಿ, ಆದ್ರ ಬರ್ತಾರ ಅಂದಿದ್ರು.” ಕೈಯ ಭತ್ತ ಉದುರಿಸಿ ಸೆರಗಿಗೆ ಒರೆಸಿಕೊಂಡಳು. “ನಾ ನಂಬಿದ್ದಿಲ್ಲ.”

ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಿಂದ ನಮ್ಮ ಆಸ್ಪತ್ರೆಯ ಆ ಕಾಗದ ತಂದು ಜಗಲಿಯ ಮೇಲೆ ಇಟ್ಟಳು. ನನ್ನ ಸಹಿ ಸ್ಪಷ್ಟವಾಗಿತ್ತು.

“ಅಣ್ಣಾರು ಹೇಳಿದ್ದು ಬಾಯಿಮಾತಾತು. ನೀವು ಇದರ ಮ್ಯಾಲೆ ಬರಕೊಡ್ರಿ.”

ನಾನು ಜಗಲಿಯ ಅಂಚಿಗೆ ಹೋಗಿ ಚಪ್ಪಲಿ ಬಿಟ್ಟು, ಪೆನ್ನು ತೆಗೆದೆ.